ಕೌದಳ್ಳಿ ದಾರಿಯ ಪಾದ್ರಿ ಶಾಲೆ

ಮಲೆಯ ಮಾದಪ್ಪನ ಬೆಟ್ಟಕ್ಕೆ ಹೋಗುವ ಯಾತ್ರಿಕರಲ್ಲಿ ಕೌದಳ್ಳಿಯ ಹೆಸರನ್ನು ಕೇಳದವರಿಲ್ಲ. ಅಲ್ಲಿ ಇಳಿದು ಊರನ್ನು ನೋಡಿದವರು ಮಾತ್ರ ಕಡಮೆ. ಕೊಳ್ಳೇಗಾಲದಿಂದ ಹೊರಟ ಬಸ್ಸು ಕಾಮಗೆರೆ, ಹನೂರು, ರಾಮಾಪುರಗಳನ್ನು ಹಿಂದೆ ಹಾಕಿ ಇಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಯಾತ್ರಿಕರು ಕಾಫಿ ಕುಡಿದು, ತಾಳಬೆಟ್ಟದಲ್ಲಿ ಒಡೆಯಬೇಕಾದ ತೆಂಗಿನಕಾಯಿ ಚೀಲದಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡು ಮತ್ತೆ ಹತ್ತಿ ಕುಳಿತುಕೊಳ್ಳುತ್ತಾರೆ. ಅವರ ಕಣ್ಣೆಲ್ಲ ಮುಂದಿನ ಬೆಟ್ಟದ ಮೇಲೆ. ದೊಡ್ಡ ರಸ್ತೆಯಿಂದ ಒಳಕ್ಕೆ ಸರಿದುಹೋಗುವ ಹಾದಿಗಳು ಎಲ್ಲಿಗೆ ಹೋಗುತ್ತವೆಂದು ಅವರು ಕೇಳುವುದಿಲ್ಲ. ಕೇಳಬೇಕಾದ ಕಾರಣವೂ ಇಲ್ಲ.

ಆ ಹಾದಿಗಳು ರಾಗಿ, ಹುರುಳಿಯ ಹೊಲಗಳ ನಡುವೆ ಹಾದು ಸಣ್ಣ ಸಣ್ಣ ಊರುಗಳನ್ನು ಸೇರುತ್ತವೆ. ಮಾರ್ಟಳ್ಳಿ, ಸಂದನಪಾಳ್ಯ ಮೊದಲಾದ ಈ ಊರುಗಳಲ್ಲಿ ಮಾದಪ್ಪನ ಒಕ್ಕಲುಗಳಿಗೆ ನೆರೆಹೊರೆಯಾಗಿ, ತಮಿಳು ಮನೆಮಾತಿನ ಕಥೋಲಿಕ ಕ್ರೈಸ್ತರು ತಲೆಮಾರುಗಳಿಂದ ಬಾಳುತ್ತ ಬಂದಿದ್ದಾರೆ. ಚರ್ಚು ಇದ್ದ ಕಡೆ ಅದರ ಮಗ್ಗುಲಲ್ಲಿ ಒಂದು ಶಾಲೆಯೂ ಇರುವುದು ವಾಡಿಕೆ. ಊರಿನವರು ಅದನ್ನು ‘ಪಾದ್ರಿ ಶಾಲೆ’ ಎನ್ನುತ್ತಿದ್ದರು. ನಾನು 1951ರಲ್ಲಿ ಒಂದನೆಯ ತರಗತಿಗೆ ಸೇರಿದ್ದು ಅಂಥದೊಂದು ಶಾಲೆಗೆ. ಅದರ ಹೆಸರನ್ನು ಇಲ್ಲಿ ಹೇಳಬೇಕಾಗಿಲ್ಲ. ಹೆಂಚಿನ ಮಾಡು, ಅರ್ಧ ಗೋಡೆ, ಮರಕ್ಕೆ ತೂಗುಹಾಕಿದ ಕಂಬಿಯ ತುಂಡು: ಇಷ್ಟನ್ನು ಹೇಳಿದರೆ ಅಂಥ ಎಲ್ಲ ಶಾಲೆಗಳ ಚಿತ್ರವೂ ಬಂದಂತಾಯಿತು. ಅವುಗಳ ಚರಿತ್ರೆಯೂ ಹೆಚ್ಚುಕಡಮೆ ಒಂದೇ. ಎಂಬತ್ತರ ಹೊಸ್ತಿಲಲ್ಲಿ ನಿಂತು ನಾನು ಬರೆಯಹೊರಟಿರುವುದು ಆ ಚರಿತ್ರೆಯನ್ನು.

ನಾನು ಕ್ರೈಸ್ತನಲ್ಲ. ನಮ್ಮ ತಂದೆ ಮಾದಪ್ಪನಿಗೆ ನಡೆದುಕೊಳ್ಳುವ ಒಕ್ಕಲು. ಅವರು ನನ್ನ ಕೈಹಿಡಿದು ಗುರುಗಳ ಮುಂದೆ ನಿಂತು, “ಸ್ವಾಮೇರೆ, ನಮ್ಮ ಹೈದನ್ನ ಸೇರಿಸ್ಕಳಿ. ಓದು ಕಲಿಸಿ, ನಿಮ್ಮ ದೇವ್ರನ್ನ ಮಾತ್ರ ಕಲಿಸಬ್ಯಾಡಿ” ಎಂದರಂತೆ. ಗುರುಗಳು ನಕ್ಕು, “ನಮ್ಮ ದೇವರನ್ನ ನಮ್ಮ ಹುಡುಗರಿಗೆ ಕಲಿಸೋದರಲ್ಲೇ ಸಾಕಾಗಿದೆ ಗೌಡ್ರೇ, ನಿಮ್ಮ ಹುಡುಗನಿಗೆ ಮಗ್ಗಿ ಕಲಿಸಿದರೆ ದೊಡ್ಡದು” ಎಂದರಂತೆ. ಈ ಮಾತನ್ನು ನಮ್ಮ ಮನೆಯಲ್ಲಿ ಬಹಳ ವರ್ಷ ಹೇಳಿಕೊಂಡು ನಗುತ್ತಿದ್ದರು. ಆದರೆ ಈ ನಗೆಮಾತಿನ ಹಿಂದೆ ನೂರು ವರ್ಷದ ಚರಿತ್ರೆಯಿದೆ ಎಂಬುದು ನನಗೆ ತಿಳಿದದ್ದು ತೀರ ಈಚೆಗೆ.

ಮೈಸೂರು ಸೀಮೆಗೆ ಕಥೋಲಿಕ ಪಾದ್ರಿಗಳು ಬಂದದ್ದು ಹದಿನೇಳನೆಯ ಶತಮಾನದ ನಡುವಿನಲ್ಲಿ. ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲ ಅದು. ಇಟಲಿಯಿಂದ ಬಂದ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೊದಲ ನೆಲೆಯನ್ನು ಹಾಕಿದ. ಜನರ ಮಾತಿನಲ್ಲೇ ಜನರಿಗೆ ಹೇಳಬೇಕೆಂದು ಕನ್ನಡವನ್ನು ಕಲಿತು, ಆ ಭಾಷೆಯಲ್ಲೇ ಜ್ಞಾನೋಪದೇಶವನ್ನು ಬರೆದ. 1773ರಲ್ಲಿ ಪೋಪರು ಯೇಸುಸಭೆಯನ್ನೇ ರದ್ದುಮಾಡಿದ ಮೇಲೆ ಈ ಸೀಮೆ ಪ್ಯಾರಿಸಿನ ವಿದೇಶ ಮಿಷನ್ನಿನ ಫ್ರೆಂಚ್ ಪಾದ್ರಿಗಳ ಕೈಗೆ ಬಂದಿತು. ನಮ್ಮ ನಡೆನುಡಿಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದ ಅಬ್ಬೆ ದ್ಯುಬ್ವಾ ಅವರಲ್ಲೊಬ್ಬ. ಶ್ರೀರಂಗಪಟ್ಟಣ ಬಿದ್ದ 1799ರ ಬಳಿಕ ಮೈಸೂರು ಸೀಮೆಗೆ ಬಂದು, 1823ರಲ್ಲಿ ಫ್ರಾನ್ಸಿಗೆ ಮರಳಿದ.

ಈ ಹಳೆಯ ಪಾದ್ರಿಗಳಿಗೆ ಶಾಲೆಯೆಂಬುದು ಮುಖ್ಯ ಚಿಂತೆಯಾಗಿರಲಿಲ್ಲ. ವರ್ಷಕ್ಕೆ ಒಂದೆರಡು ಸಲ ಊರಿಗೆ ಬರುವ ಗುರುವಿನ ಬದಲು ಊರಿನಲ್ಲಿ ಇರುತ್ತಿದ್ದವನು ಉಪದೇಶಿ. ಆತ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಜಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದ. ಓದು ಬರೆಹ ಬೇಕಾದವರಿಗೆ ಐಗಳ ಕೂಲಿಮಠವಿದ್ದಿತು. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಆಧಿಪತ್ಯದ ಶಾಲೆಗಳನ್ನೆಲ್ಲ ಎಣಿಸಲು ಕಲೆಕ್ಟರುಗಳಿಗೆ ಆಜ್ಞೆ ಮಾಡಿದ. ಸುಮಾರು 12,500 ಶಾಲೆಗಳೂ ಅವುಗಳಲ್ಲಿ ಸುಮಾರು 1,88,000 ಮಕ್ಕಳೂ ಲೆಕ್ಕಕ್ಕೆ ಸಿಕ್ಕರು. ಅವರಲ್ಲಿ ಹೆಣ್ಣುಮಕ್ಕಳು ಐದು ಸಾವಿರವನ್ನೂ ಮುಟ್ಟಲಿಲ್ಲ. ಕೂಲಿಮಠದ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ಈ ಒಂದು ಸಂಖ್ಯೆಯಿಂದಲೇ ಊಹಿಸಬಹುದು.

ಇಲ್ಲಿ ಒಂದು ವಿಷಯವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಕೊಳ್ಳೇಗಾಲ ತಾಲ್ಲೂಕು ಆಗ ಮೈಸೂರು ಸಂಸ್ಥಾನದ್ದಲ್ಲ. ಮದರಾಸಿನ ಕೊಯಮತ್ತೂರು ಜಿಲ್ಲೆಯದು. ನೆಲ ಕನ್ನಡದ್ದು, ಕಂದಾಯ ಕೊಯಮತ್ತೂರಿಗೆ. ಆದುದರಿಂದ ನಮ್ಮ ಶಾಲೆಗಳನ್ನು ಬೆಳೆಸಿದ ಕಾಯಿದೆಗಳು ಮೈಸೂರಿನವಲ್ಲ, ಮದರಾಸಿನವು.

ಪಾದ್ರಿಗಳನ್ನು ಶಾಲೆಯ ಕಡೆಗೆ ತಿರುಗಿಸಿದ ಸಂಗತಿಗಳು ಎರಡು. 1844ರಲ್ಲಿ ಪುದುಚೇರಿಯಲ್ಲಿ ನಡೆದ ಧರ್ಮಸಭೆಯ ಸಮಾವೇಶವು ಮಕ್ಕಳ ವಿದ್ಯಾಭ್ಯಾಸಕ್ಕೂ ದೇಶೀಯ ಗುರುಗಳ ತರಬೇತಿಗೂ ಗಮನ ಕೊಡಬೇಕೆಂದು ನಿರ್ಣಯಿಸಿತು. ಹತ್ತು ವರ್ಷದ ಮೇಲೆ, 1854ರಲ್ಲಿ, ಚಾರ್ಲ್ಸ್ ವುಡ್ಡನ ಪ್ರಸಿದ್ಧವಾದ ಪತ್ರ ಬಂದಿತು. ಖಾಸಗಿಯವರು ನಡೆಸುವ ಶಾಲೆಗಳಿಗೆ ಸರಕಾರ ಅನುದಾನ ಕೊಡಬಹುದು, ಅವರ ಮತಬೋಧೆಯ ಗೊಡವೆಗೆ ಸರಕಾರ ಹೋಗದು, ಅಲ್ಲಿ ಕಲಿಸುವ ಲೌಕಿಕ ವಿದ್ಯೆಯನ್ನು ಮಾತ್ರ ತಪಾಸಣೆ ಮಾಡುವುದು: ಇದು ಅದರ ತಿರುಳು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಬಂದಿಳಿದದ್ದು ಅದೇ 1854ರಲ್ಲಿ. ಫ್ರೆಂಚ್ ಪಾದ್ರಿಗಳು ಸೇಂಟ್ ಜೋಸೆಫ್ ವಿದ್ಯಾಲಯವನ್ನು ತೆರೆದದ್ದು 1858ರಲ್ಲಿ. ಕಥೋಲಿಕ ಶಾಲೆಯೆಂದೊಡನೆ ಪಟ್ಟಣದ ವಾಚಕರಿಗೆ ನೆನಪಾಗುವುದು ಇಂಥ ಕಲ್ಲುಕಟ್ಟಡ, ಕಂಠಪಟ್ಟಿ, ಇಂಗ್ಲಿಷ್ ಮಾತು. ಅದೇ ಅನುದಾನದ ಬೇರು ಹಳ್ಳಿಯಲ್ಲಿ ಚಿಗುರಿದಾಗ ಅದು ಹೆಂಚಿನ ಮಾಡಿನ ಕೆಳಗೆ ಒಬ್ಬನೇ ಮೇಷ್ಟರ ಶಾಲೆಯಾಯಿತು. ಉಪದೇಶಿಯೇ ಮೇಷ್ಟರಾದ, ಜಪದ ಜಾಗದಲ್ಲೇ ಮಗ್ಗಿ ಬಂದಿತು, ಗುರುಗಳೇ ಮ್ಯಾನೇಜರಾಗಿ ಇನ್‌ಸ್ಪೆಕ್ಟರಿಗೆ ಲೆಕ್ಕ ಒಪ್ಪಿಸತೊಡಗಿದರು.

ಈ ಶಾಲೆಗೆ ಹುಟ್ಟಿನಿಂದಲೇ ಇಬ್ಬರು ಯಜಮಾನರು. ಒಬ್ಬ ಯಜಮಾನ ಧರ್ಮಸಭೆ. 1917ರ ಅದರ ನಿಯಮಸಂಹಿತೆಯ ಪ್ರಕಾರ ಕಥೋಲಿಕ ಮಕ್ಕಳು ಬಿಷಪ್ಪರ ಅನುಮತಿಯಿಲ್ಲದೆ ಅನ್ಯರ ಶಾಲೆಗಳಿಗೆ ಹೋಗುವಂತಿರಲಿಲ್ಲ. ಎಂದರೆ, ಈ ಶಾಲೆ ತನ್ನ ಮಂದೆಗಾಗಿ ಹಾಕಿದ ಹಟ್ಟಿ. ಇನ್ನೊಬ್ಬ ಯಜಮಾನ ಸರಕಾರ. ದಲಿತರ ಮಕ್ಕಳನ್ನು ಸೇರಿಸಿಕೊಳ್ಳದ ಶಾಲೆಗೆ ಅನುದಾನವಿಲ್ಲವೆಂದು ಸರಕಾರ ಹೇಳಿತು. ರಾಜ್ಯದ ಹಣ ಪಡೆಯುವ ಶಾಲೆಯಲ್ಲಿ ಧರ್ಮ, ಜಾತಿ, ಭಾಷೆಗಳ ಕಾರಣದಿಂದ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು 1950ರ ಸಂವಿಧಾನ ಹೇಳಿತು. ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವಿಗೂ ಮತಬೋಧೆ ಮಾಡಕೂಡದೆಂದೂ ಹೇಳಿತು. ಒಬ್ಬ ಯಜಮಾನ ‘ನಮ್ಮವರಿಗಾಗಿ’ ಎಂದ, ಇನ್ನೊಬ್ಬ ‘ಎಲ್ಲರಿಗಾಗಿ’ ಎಂದ. ಮೇಷ್ಟರ ಸಂಬಳ ಎರಡನೆಯವನ ಕೈಯಲ್ಲಿದ್ದಿತು. ಒಳಗಡೆ ಒಳ್ಳೆಯ ಮನಸ್ಸಿನ ಗುರುಗಳೂ ಇದ್ದರು. ಈ ಎರಡರ ಸಂದಿಯಲ್ಲಿ ತೆರೆದ ಬಾಗಿಲಿನಿಂದಲೇ ನನ್ನಂಥ ಹುಡುಗರು ಒಳಗೆ ಹೋದದ್ದು. ನಮ್ಮ ತಂದೆಯ ಮಾತಿಗೆ ಗುರುಗಳು ನಕ್ಕದ್ದು ಸಹಜವಾದ ನಗೆಯಿರಬಹುದು. ಆದರೆ ಕಾಯಿದೆಯೂ ಹಾಗೆಯೇ ಇತ್ತು!

ಚರ್ಚಿನೊಳಗೆ ಜಾತಿಯ ಗೆರೆ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ದಕ್ಷಿಣದ ಅನೇಕ ಕಥೋಲಿಕ ಊರುಗಳಲ್ಲಿ ಪೂಜೆಯ ವೇಳೆ ಕುಳಿತುಕೊಳ್ಳುವ ಜಾಗವೇ ಬೇರೆಬೇರೆಯಾಗಿದ್ದಿತು. ಆದರೆ ನಮ್ಮ ಶಾಲೆಯಲ್ಲಿ ಇದ್ದದ್ದು ಒಂದೇ ಕೋಣೆ, ಒಂದೇ ಸಾರಿಸಿದ ನೆಲ. ಗೆರೆಯೆಳೆಯಲು ಸ್ಥಳವೇ ಇರಲಿಲ್ಲ. ಬಡತನದಿಂದ ಒಮ್ಮೊಮ್ಮೆ ಇಂಥ ಲಾಭವೂ ಆಗುವುದುಂಟು.

ಬೆಳಗ್ಗೆ ಕಂಬಿ ಬಾರಿಸುವುದಕ್ಕೆ ಅರ್ಧ ಗಂಟೆ ಮೊದಲೇ ಕಥೋಲಿಕ ಹುಡುಗರು ಬಂದು ಜ್ಞಾನೋಪದೇಶಕ್ಕೆ ಕೂರುತ್ತಿದ್ದರು. ನಾವು ಉಳಿದವರು ಆ ಹೊತ್ತಿನಲ್ಲಿ ಸೇದುವ ಬಾವಿಯಿಂದ ನೀರು ಸೇದಿ ಗಿಡಗಳಿಗೆ ಹಾಕುತ್ತಿದ್ದೆವು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನಿಗೆ ಆಗ ನಾಲ್ಕು ಭಾಷೆಗಳ ಸಂಗ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಪೂಜೆಯಲ್ಲಿ ಲ್ಯಾಟಿನ್, ಮೇಲಿನ ತರಗತಿಗೆ ಹೋದರೆ ಇಂಗ್ಲಿಷ್. ಶಾಲೆಯಲ್ಲಿ ತಮಿಳಿನವರು ಒಂದು ಕಡೆ, ಕನ್ನಡದವರು ಒಂದು ಕಡೆ ಕುಳಿತು ಏಕಕಾಲದಲ್ಲಿ ಮಗ್ಗಿ ಕೂಗುತ್ತಿದ್ದೆವು. ಲೆಕ್ಕ ಮಾತ್ರ ಎರಡು ಭಾಷೆಯಲ್ಲೂ ಒಂದೇ ಬರುತ್ತದೆಂಬುದು ನನಗೆ ಆಗ ಬಹಳ ಸೋಜಿಗದ ಸಂಗತಿಯಾಗಿತ್ತು.

1953ರಲ್ಲಿ ಒಂದು ವಿಚಿತ್ರ ನಡೆಯಿತು. ಮದರಾಸಿನ ಮುಖ್ಯಮಂತ್ರಿಗಳಾಗಿದ್ದ ರಾಜಾಜಿಯವರು ಗ್ರಾಮಾಂತರದ ಪ್ರಾಥಮಿಕ ಶಾಲೆಗಳ ಹೊತ್ತನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಮಕ್ಕಳನ್ನು ಎರಡು ಸರದಿಯಾಗಿ ಬರಹೇಳಿದರು. ಉಳಿದ ಹೊತ್ತು ಮಗು ಮನೆಯ ಕಸುಬನ್ನು ಕಲಿಯಬೇಕು. ಇದ್ದ ಶಾಲೆಯಲ್ಲೇ ಎರಡರಷ್ಟು ಮಕ್ಕಳಿಗೆ ಕಲಿಸಬಹುದೆಂಬುದು ಅವರ ಎಣಿಕೆ; ಜಾತಿಯ ಕಸುಬಿಗೇ ಮಗುವನ್ನು ಕಟ್ಟಿಹಾಕುವ ಹಂಚಿಕೆ ಇದೆಂಬುದು ವಿರೋಧಿಗಳ ಆಕ್ಷೇಪ. ಎಂಟು ವರ್ಷದ ನನಗೆ ಇದೊಂದೂ ತಿಳಿಯಲಿಲ್ಲ. ಅರ್ಧ ದಿನ ರಜೆ ಸಿಕ್ಕಿತೆಂದು ಕುಣಿದದ್ದು ಮಾತ್ರ ನೆನಪಿದೆ. ಆದರೆ ಎಲ್ಲರ ರಜೆಯೂ ಒಂದೇ ಬಗೆಯದಾಗಿರಲಿಲ್ಲ. ನಾನು ನಮ್ಮ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದೆ. ಹೊಲವಿಲ್ಲದವರ ಮಕ್ಕಳು ಇನ್ನೊಬ್ಬರ ದನ ಕಾಯುತ್ತಿದ್ದರು. ಕೆಲವರು ಆ ದನಗಳ ಹಿಂದೆ ಹೋದವರು ಮತ್ತೆ ತರಗತಿಗೆ ಬರಲೇ ಇಲ್ಲ. 1954ರಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾದೊಡನೆ ಈ ಯೋಜನೆಯನ್ನು ಕೈಬಿಟ್ಟರು. ಯೋಜನೆ ಹೋಯಿತು, ಹುಡುಗರು ಹಿಂದಿರುಗಲಿಲ್ಲ. ಕಾಯಿದೆಯನ್ನು ಒಂದು ಆಜ್ಞೆಯಿಂದ ಹಿಂತೆಗೆದುಕೊಳ್ಳಬಹುದು. ಮಗುವಿನ ಒಂದು ವರ್ಷವನ್ನು ಹಾಗೆ ತರಲಾಗುವುದಿಲ್ಲ.

ಆಮೇಲೆ 1956ರ ನವೆಂಬರ್ 1 ಬಂದಿತು. ಕೊಳ್ಳೇಗಾಲ ತಾಲ್ಲೂಕು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ನಮಗೆ ಮಿಠಾಯಿ ಹಂಚಿದರು. ಗೋಡೆಯ ಮೇಲಿದ್ದ ಮದರಾಸು ರಾಜ್ಯದ ಭೂಪಟವನ್ನು ಇಳಿಸಿದರು. ಮೈಸೂರಿನ ಭೂಪಟ ಬರಲು ಬಹಳ ದಿನ ಹಿಡಿಯಿತು. ಅಷ್ಟು ದಿನ ಗೋಡೆಯಲ್ಲಿ ಒಂದು ಮೊಳೆ ಮಾತ್ರ ಇದ್ದಿತು. ಅದರ ಮರುವರ್ಷ, 1957ರ ಏಪ್ರಿಲ್ 1ರಿಂದ, ಹದಿನಾರಾಣೆಯ ರೂಪಾಯಿ ನೂರು ನಯೇಪೈಸೆಯದಾಯಿತು. ಕಷ್ಟಪಟ್ಟು ಕಲಿತ ಆಣೆ ಪೈಗಳ ಲೆಕ್ಕವನ್ನೆಲ್ಲ ಮರೆಯಿರಿ ಎಂದು ಮೇಷ್ಟರು ಹೇಳಿದಾಗ ನಮಗೆ ರಾಜ್ಯ ಬದಲಾದದ್ದಕ್ಕಿಂತ ಹೆಚ್ಚಿನ ದಿಗಿಲಾಯಿತು.

ಕನ್ನಡದ ಹುಡುಗನಾದ ನನಗೆ ಮೈಸೂರು ಸೇರಿದ್ದು ತವರಿಗೆ ಬಂದಂತೆ. ನನ್ನ ಗೆಳೆಯನಿಗೆ? ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದ ಆ ಸಂವಿಧಾನದ ಏಳನೆಯ ತಿದ್ದುಪಡಿಯಲ್ಲೇ 350ಎ ಎಂಬ ವಿಧಿಯೂ ಸೇರಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ಅದು ಹೇಳುತ್ತದೆ. ಗೆರೆಯೆಳೆದ ಕೈಯೇ ಗೆರೆಯ ಆಚೆ ಉಳಿದವರನ್ನೂ ನೆನೆಯಿತು ಎನ್ನಬೇಕು. ಆದರೂ ಮುಂದಿನ ಓದು, ಕಚೇರಿ, ಕೋರ್ಟು ಎಲ್ಲವೂ ಕನ್ನಡದ ಕಡೆಗೆ ತಿರುಗಿದವು. ನಮ್ಮ ಶಾಲೆಯ ತಮಿಳಿನ ಸಾಲು ವರ್ಷವರ್ಷಕ್ಕೆ ಕಿರಿದಾಗುತ್ತ ಬಂದು ಕೊನೆಗೆ ಇಲ್ಲವಾಯಿತು. ಯಾರೂ ಅದನ್ನು ಬಲವಂತದಿಂದ ಮುಚ್ಚಲಿಲ್ಲ. ತಂದೆತಾಯಿಗಳೇ ಮಕ್ಕಳನ್ನು ಕನ್ನಡದ ಸಾಲಿಗೆ ಕಳಿಸಿದರು. ನನ್ನ ಗೆಳೆಯನೂ ಕನ್ನಡದಲ್ಲೇ ಓದಿ, ಟ್ರೈನಿಂಗು ಮುಗಿಸಿ, ಅದೇ ಶಾಲೆಗೆ ಕನ್ನಡದ ಮೇಷ್ಟರಾಗಿ ಬಂದ. ಎರಡನೆಯ ವ್ಯಾಟಿಕನ್ ಸಮ್ಮೇಳನ 1962ರಿಂದ 1965ರವರೆಗೆ ನಡೆದು, ಪೂಜೆ ಲ್ಯಾಟಿನ್ನನ್ನು ಬಿಟ್ಟು ಜನರ ನುಡಿಗೆ ಬಂದಾಗ, ಜನರ ನುಡಿ ಯಾವುದು ಎಂಬ ಪ್ರಶ್ನೆ ಚರ್ಚಿನಲ್ಲೂ ಎದ್ದಿತು. “ಶಾಲೆಯಲ್ಲಿ ಇದನ್ನು ನಾವು ಹತ್ತು ವರ್ಷ ಮೊದಲೇ ಅನುಭವಿಸಿದ್ದೆವು ಕಣೋ” ಎಂದು ಆತ ಒಮ್ಮೆ ನನ್ನೊಡನೆ ಹೇಳಿದ.

ಶಾಲೆ ಬೆಳೆಯಿತು. ಮೈಸೂರಿನ ಏರ್ಪಾಡಿನಂತೆ ಏಳನೆಯ ತರಗತಿಯವರೆಗೆ ಹೋಯಿತು. 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದ ಮೇಲೆ ಮೇಷ್ಟರುಗಳು ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರತೊಡಗಿದರು. ಕೇರ್ ಸಂಸ್ಥೆಯ ಅಮೆರಿಕದ ಹಾಲುಪುಡಿಯೂ ಹಳದಿ ಹಿಟ್ಟಿನ ಉಪ್ಪಿಟ್ಟೂ ಬಂದವು. ಕಾಯಿದೆ ಕರೆತರಲಾರದ ಮಕ್ಕಳನ್ನು ಉಪ್ಪಿಟ್ಟಿನ ವಾಸನೆ ಕರೆತಂದಿತೆಂದರೆ ಅತ್ಯುಕ್ತಿಯಲ್ಲ. ಸಿಸ್ಟರುಗಳು ಬಂದರು, ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯ ಹೆಸರು ಕೇಳಿದ್ದ ತಾಯಂದಿರು, ಹೆಂಗಸರು ಕಲಿಸುವುದಾದರೆ ಚಿಂತೆಯಿಲ್ಲವೆಂದು ಹೆಣ್ಣುಮಕ್ಕಳನ್ನೂ ಕಳಿಸಿದರು. ಕೂಲಿಮಠದ ಕಾಲದಲ್ಲಿ ಕಾಣದಿದ್ದ ಸಾಲು ಹೀಗೆ ತುಂಬಿಕೊಂಡಿತು.

ಕಷ್ಟದ ಕಾಲವೂ ಬಂದಿತು. 1992ರ ಮೇ ತಿಂಗಳಲ್ಲಿ ವೀರಪ್ಪನ್ ಕಡೆಯವರು ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದರು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯದ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮೊದಲಾದವರು ಹೊಂಚುದಾಳಿಗೆ ಬಲಿಯಾದರು. ಕಾಡಿನಂಚಿನ ಊರುಗಳಿಂದ ಎಷ್ಟೋ ಜನರನ್ನು ಟಾಡಾ ಕಾಯಿದೆಯ ಕೆಳಗೆ ಹಿಡಿದು ಒಯ್ದರು. ವರ್ಷಗಟ್ಟಲೆ ಮೈಸೂರಿನ ಜೈಲಿನಲ್ಲಿದ್ದ ಅವರಲ್ಲಿ ಅನೇಕರು ಕೊನೆಗೆ ನಿರ್ದೋಷಿಗಳೆಂದು ಹೊರಬಂದರು. ಆ ದಿನಗಳಲ್ಲಿ ನನ್ನ ಗೆಳೆಯನ ಹತ್ತಿರ ಜನ ಬರುತ್ತಿದ್ದದ್ದು ಪಾಠಕ್ಕಲ್ಲ, ಕಾಗದಕ್ಕೆ. ತಾನು ಇಂಥವನ ಮಗ, ಇಂಥ ಊರಿನವನು, ಇಷ್ಟು ವಯಸ್ಸಿನವನು ಎಂದು ಹೇಳಲು ಬಡವನಿಗೆ ಇದ್ದ ಲಿಖಿತ ಸಾಕ್ಷಿ ಒಂದೇ, ಶಾಲೆಯ ದಾಖಲಾತಿ ಪುಸ್ತಕ. ಹಳೆಯ ಪುಸ್ತಕಗಳನ್ನು ಬಿಚ್ಚಿ, ಹುಡುಕಿ, ನಕಲು ಬರೆದು ಕೊಡುವುದು ಆತನಿಗೆ ಇನ್ನೊಂದು ನೌಕರಿಯೇ ಆಯಿತು. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ ಮೇಲೆ ಊರುಗಳು ನೆಮ್ಮದಿಯ ಉಸಿರು ಬಿಟ್ಟವು.

ಕಳೆದ ವರ್ಷ ಶಿವರಾತ್ರಿಯ ಹಿಂದಿನ ವಾರ ನಾನು ಕೌದಳ್ಳಿಯಲ್ಲಿ ಇಳಿದು ನಮ್ಮ ಊರಿಗೆ ಹೋದೆ. ಈಗ ಅದು ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು. ನನ್ನ ಜೀವಮಾನದಲ್ಲೇ ಮೂರನೆಯ ಜಿಲ್ಲೆ. ಬೆಳಗಿನ ಹೊತ್ತು. ಹಳದಿ ಬಣ್ಣದ ವ್ಯಾನೊಂದು ಬಂದು ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ದೊಡ್ಡ ರಸ್ತೆಯ ಕಡೆ ಹೋಯಿತು. ನಮ್ಮ ಶಾಲೆಗೆ ಅಕ್ಷರ ದಾಸೋಹದ ಬಿಸಿಯೂಟವಿದೆ, ಆರ್‌ಸಿಸಿ ಕಟ್ಟಡವಿದೆ; ಮಕ್ಕಳು ಮಾತ್ರ ಕೆಲವರು. ನಿವೃತ್ತರಾದ ಅನುದಾನಿತ ಮೇಷ್ಟರುಗಳ ಜಾಗಗಳು ಬೇಗ ತುಂಬುವುದಿಲ್ಲವಂತೆ. ಪ್ರಾಥಮಿಕ ಶಿಕ್ಷಣ ಯಾವ ಭಾಷೆಯಲ್ಲಿ ಎಂಬುದನ್ನು ತಂದೆತಾಯಿಗಳೇ ಆರಿಸಬಹುದೆಂದು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿದೆ. ತಮಿಳಿನ ಸಾಲು ಖಾಲಿಯಾದ ಬಗೆಯಲ್ಲೇ ಈಗ ಕನ್ನಡದ ಸಾಲೂ ಖಾಲಿಯಾಗುತ್ತಿದೆ. ಅಂದು ಗೆಳೆಯನ ಸಾಲು ಕರಗಿದಾಗ ನಾನು ಗಮನಿಸಲಿಲ್ಲ. ಈಗ ನನ್ನ ಸಾಲು ಕರಗುವಾಗ ವ್ಯಥೆಪಡುವ ಹಕ್ಕು ನನಗೆಷ್ಟಿದೆಯೋ ಕಾಣೆ. ವ್ಯಾನು ಹತ್ತಿಸಿದ ತಾಯಿಯನ್ನು ನಾನು ತಪ್ಪೆನ್ನಲಾರೆ. ನನ್ನ ಮಕ್ಕಳನ್ನು ನಾನು ಮೈಸೂರಿನಲ್ಲಿ ಓದಿಸಿದ್ದೂ ಇಂಗ್ಲಿಷಿನಲ್ಲೇ.

ಗೆಳೆಯ ನನ್ನನ್ನು ಆಫೀಸಿನ ಕೋಣೆಗೆ ಕರೆದುಕೊಂಡು ಹೋದ. ಬೀರುವಿನಿಂದ 1951ರ ದಾಖಲಾತಿ ಪುಸ್ತಕವನ್ನು ತೆಗೆಸಿದ. ಅಂಚುಗಳನ್ನು ಗೆದ್ದಲು ತಿಂದಿತ್ತು. ನನ್ನ ಹೆಸರಿತ್ತು. ಹುಟ್ಟಿದ ತಾರೀಖು ಜೂನ್ 1. ಮೇಲೆ ಕೆಳಗೆ ನೋಡಿದರೆ ತರಗತಿಯ ಅರ್ಧದಷ್ಟು ಹುಡುಗರು ಜೂನ್ 1ರಂದೇ ಹುಟ್ಟಿದ್ದರು! ನಮ್ಮ ತಾಯಂದಿರಿಗೆ ನಾವು ಹುಟ್ಟಿದ ಮಳೆ ಗೊತ್ತಿತ್ತು, ತಾರೀಖು ಗೊತ್ತಿರಲಿಲ್ಲ. ಶಾಲೆ ತೆರೆಯುವ ದಿನವನ್ನೇ ಮೇಷ್ಟರು ನಮಗೆಲ್ಲ ಹುಟ್ಟುಹಬ್ಬವಾಗಿ ಕೊಟ್ಟಿದ್ದರು. ನನ್ನ ನೌಕರಿ, ನಿವೃತ್ತಿ, ಪಿಂಚಣಿ ಎಲ್ಲವೂ ಆ ಒಂದು ಸಾಲಿನ ಮೇಲೆ ನಡೆದಿವೆ. ಕೊನೆಯ ಅಂಕಣ ‘ಶಾಲೆ ಬಿಟ್ಟ ಕಾರಣ’. ನನ್ನ ಹೆಸರಿನ ಮುಂದೆ ‘ಮೇಲಿನ ಓದಿಗೆ’ ಎಂದಿತ್ತು. 1953ರಲ್ಲಿ ದನಗಳ ಹಿಂದೆ ಹೋದವರ ಮುಂದೆ, ಒಬ್ಬರಾದ ಮೇಲೊಬ್ಬರಂತೆ, ಒಂದೇ ಮಾತು: ‘ಗೈರುಹಾಜರಿ’.

ದೊಡ್ಡ ವಿದ್ಯಾಲಯಗಳು ಶತಮಾನೋತ್ಸವದ ಸಂಪುಟಗಳನ್ನು ಅಚ್ಚುಹಾಕಿಸುತ್ತವೆ. ಹಳ್ಳಿಯ ಶಾಲೆಗೆ ಇರುವ ಚರಿತ್ರೆ ಈ ಪುಸ್ತಕಗಳು ಮಾತ್ರ. ಯಾರು ಬಂದರು, ಯಾವ ಜಾತಿ, ತಂದೆಯ ಕಸುಬೇನು, ಯಾರು ಎಷ್ಟನೆಯ ತರಗತಿಗೆ ನಿಂತರು ಎಂಬುದೆಲ್ಲ ಅಲ್ಲಿದೆ. ಶಾಲೆ ಉಳಿಯಲಿ, ಉಳಿಯದಿರಲಿ, ಈ ಪುಸ್ತಕಗಳಾದರೂ ಉಳಿಯಬೇಕು. ಧರ್ಮಪ್ರಾಂತ್ಯದವರೋ ವಿದ್ಯಾ ಇಲಾಖೆಯವರೋ ಮನಸ್ಸುಮಾಡಿದರೆ ಒಂದು ಬೇಸಗೆಯ ರಜೆಯಲ್ಲಿ ಇವುಗಳ ಛಾಯಾಪ್ರತಿ ತೆಗೆಸಬಹುದು. ಅದಕ್ಕೆ ಹೆಚ್ಚಿನ ಹಣವೂ ಬೇಡ. ಹೊರಡುವಾಗ ನಾನು ಇದನ್ನೇ ಹೇಳಿದೆ. ಗೆಳೆಯ ಪುಸ್ತಕವನ್ನು ಬಿಸಿಲಿಗೆ ಹಿಡಿದು, ಗೆದ್ದಲಿನ ಮಣ್ಣನ್ನು ಮೆಲ್ಲಗೆ ಊದಿ, ಬೇವಿನ ಎಲೆ ಹಾಕಿ ಮತ್ತೆ ಬೀರುವಿನಲ್ಲಿಟ್ಟ. ಹೊರಗೆ ಒಬ್ಬ ಹುಡುಗ ಕಂಬಿ ಬಾರಿಸಿದ.